ಕರೆಂಟ್ ಇಲ್ಲದ ಎಂಟು ದಿನ

ಬೆಳಿಗ್ಗೆ ಐದಕ್ಕೆ ಅಲಾರಾಂ ಇಲ್ಲದೆ ಏಳುವವಳು ನಾನು. ರಾತ್ರಿ ಎಂಟೂವರೆಗೆ ಟಿ.ವಿ. ಮುಂದೆ ಕೂತರೆ ತೂಕಡಿಕೆ. ನನ್ನ ಮಗ ಇದಕ್ಕೆ ತದ್ವಿರುದ್ಧ. ಹನ್ನೊಂದು ಹೊಡೆದ ಮೇಲೆಯೇ ಅವನ ಮುಖಕ್ಕೆ ಕಳೆ ಬರುವುದು. ಬೆಳಿಗ್ಗೆ ಏಳಕ್ಕೆ ಎಬ್ಬಿಸಿದರೆ ಹೊದಿಕೆಯೊಳಗಿಂದ ‘ಐದೇ ನಿಮಿಷ ಅಮ್ಮಾ’ ಎಂಬ ಸ್ವರ. ಅವನ ಎರಡನೇ ಪಿಯುಸಿ ವರ್ಷ ‘ಸೋಮಾರಿ’ ಎಂದು ಎಷ್ಟು ಸಲ ಬೈದೆನೋ ಲೆಕ್ಕವಿಲ್ಲ. ಒಂದು ದಿನ ಸಿಟ್ಟು ನೆತ್ತಿಗೇರಿ ಚೊಂಬಿನ ನೀರನ್ನು ಮುಖಕ್ಕೆ ಸುರಿದೇಬಿಟ್ಟೆ. ಅವನು ಕೂಗಾಡಲಿಲ್ಲ. ಒದ್ದೆಯಾದ ದಿಂಬನ್ನು ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿ ಒಣಹಾಕಿದ. ಆಮೇಲೆ ಮೂರು ದಿನ ನನ್ನ ಜೊತೆ ಮಾತಿಲ್ಲ.

ಪರೀಕ್ಷೆ ಮುಗಿದು ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ನನ್ನ ತವರಿಗೆ ಹೋದೆವು. ಹೋದ ಮರುದಿನವೇ ಗಾಳಿಮಳೆಗೆ ಮರ ಬಿದ್ದು ಕಂಬಗಳು ಮುರಿದವು. ಎಂಟು ದಿನ ಕರೆಂಟ್ ಇಲ್ಲ. ಮೊಬೈಲ್ ಮೊದಲ ರಾತ್ರಿಯೇ ಆಫ್ ಆಯಿತು. ಹಗಲೆಲ್ಲ ಅಜ್ಜನ ಹಿಂದೆ ತೋಟ ಸುತ್ತುವುದು, ಕತ್ತಲಾದರೆ ಒಂದೇ ಲಾಟೀನು. ಎರಡು ರಾತ್ರಿ ಹೊರಳಾಡಿದ. ಐದನೇ ರಾತ್ರಿ ಒಂಬತ್ತೂವರೆಗೆಲ್ಲ ಜಗಲಿಯ ಚಾಪೆಯ ಮೇಲೆ ಗಾಢ ನಿದ್ದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಬಚ್ಚಲೊಲೆಯ ಮುಂದೆ ಕೂತಿದ್ದಾನೆ, ಯಾರೂ ಎಬ್ಬಿಸದೆ! ‘ನಮ್ಮೂರ ಗಾಳಿಯೇ ಹಾಗೆ’ ಎಂದು ಅಮ್ಮ ಬೀಗಿದಳು.

ಗಾಳಿಯಲ್ಲ, ಬೆಳಕು ಎಂದು ತಿಳಿದದ್ದು ಬೆಂಗಳೂರಿಗೆ ಮರಳಿ ಓದಿದ ಮೇಲೆ. ಅಮೆರಿಕದ ಕೊಲರಾಡೊದ ವಿಜ್ಞಾನಿ ಕೆನೆತ್ ರೈಟ್ ಮತ್ತು ಜೊತೆಗಾರರು 8 ಜನರನ್ನು ಒಂದು ವಾರ ಬೆಟ್ಟದಲ್ಲಿ ಡೇರೆಯಲ್ಲಿರಿಸಿ ನೋಡಿದ್ದರಂತೆ. ಬಿಸಿಲು, ರಾತ್ರಿ ಹಾಕಿಕೊಂಡ ಬೆಂಕಿ, ಇಷ್ಟೇ ಬೆಳಕು; ಟಾರ್ಚ್ ಕೂಡ ಇಲ್ಲ. ವಾರ ಮುಗಿಯುವಾಗ ಅವರ ಮೈಯೊಳಗಿನ ಗಡಿಯಾರ ಸುಮಾರು 2 ಗಂಟೆ ಬೇಗ ರಾತ್ರಿ ಮಾಡತೊಡಗಿತ್ತು. ತಡವಾಗಿ ಮಲಗುವ ‘ಗೂಬೆ’ಗಳೇ ಹೆಚ್ಚು ಬದಲಾಗಿ, ಬೇಗ ಏಳುವವರ ಹತ್ತಿರಕ್ಕೆ ಬಂದಿದ್ದರು. ಇದು ಪ್ರಕಟವಾದದ್ದು 2013ರಲ್ಲಿ.

ಹಗಲೋ ರಾತ್ರಿಯೋ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ಜೀವಕೋಶಗಳು ಕಣ್ಣಿನ ಹಿಂಪದರದಲ್ಲಿವೆ. ನೀಲಿ ಬೆರೆತ ಬೆಳಕೆಂದರೆ ಅವಕ್ಕೆ ಹಗಲು. ಬೆಳಗಿನ ಬೆಳಕು ನಿದ್ದೆಯ ಹೊತ್ತನ್ನು ಬೇಗ ತರುತ್ತದೆ. ರಾತ್ರಿಯ ಬೆಳಕು ಅದನ್ನು ಮುಂದೂಡುತ್ತದೆ, ನಿದ್ದೆಯ ಹೊತ್ತಾಯಿತೆಂದು ಸಾರುವ ಮೆಲಟೋನಿನ್ನನ್ನೂ ತಡೆಯುತ್ತದೆ. ಹದಿಹರೆಯದಲ್ಲಿ ಆ ಗಡಿಯಾರ ಹೇಗೂ ತಡವೇ. ಹೊರಗಿನ ಬೆಳಕು ಹಲವು ಸಾವಿರ ಲಕ್ಸ್ ಇದ್ದರೆ ಟ್ಯೂಬ್‌ಲೈಟಿನ ಕೋಣೆಯಲ್ಲಿ ಕೆಲವು ನೂರು ಮಾತ್ರ. ಇತ್ತ ನಾನೇನು ಮಾಡಿದ್ದೆ? ಓದುವಾಗ ಗಮನ ಹೊರಗೆ ಹೋಗದಿರಲೆಂದು ಕಿಟಕಿಗೆ ದಪ್ಪ ಪರದೆ, ರಾತ್ರಿ ಕಣ್ಣಿಗೆ ತೊಂದರೆಯಾಗದಿರಲೆಂದು ಮೇಜಿನ ಮೇಲೆ ಪ್ರಖರವಾದ ಬಿಳಿ ಎಲ್‌ಇಡಿ! ಗೂಬೆಗೆ ಗೂಡು ಕಟ್ಟಿಕೊಟ್ಟು ಸೋಮಾರಿ ಎಂದು ಬೈದವಳು ನಾನು.

ಅವನಲ್ಲಿ ತಪ್ಪು ಒಪ್ಪಿಕೊಂಡೆ. ‘ಹೋಗ್ಲಿ ಬಿಡಮ್ಮ’ ಎಂದ.

ಪರದೆ ಹೋಯಿತು. ಏಳೂ ಆಗುವ ಮೊದಲೇ ಕಾಫಿ ಲೋಟ ಹಿಡಿದು ಇಬ್ಬರೂ ತಾರಸಿಗೆ ಹೋಗುತ್ತೇವೆ, ಅರ್ಧ ಗಂಟೆ ಅಲ್ಲೇ. ಒಂಬತ್ತರ ನಂತರ ಮನೆಯಲ್ಲಿ ಹಳದಿ ಬಲ್ಬು. ಅವನು ಪೂರ್ತಿ ನನ್ನಂತಾಗಿಲ್ಲ, ಹುಟ್ಟುಗುಣವೂ ಇರುತ್ತದಲ್ಲ, ಮಲಗುವಾಗ ಹನ್ನೊಂದಾಗುತ್ತದೆ. ಸಂಜೆ ಬೆಳಕಿರುವಾಗ ನಾನು ವಾಕಿಂಗ್ ಹೋಗತೊಡಗಿದ್ದೇನೆ, ಈಗ ಧಾರಾವಾಹಿಯ ಕೊನೆಯವರೆಗೂ ಎಚ್ಚರ ಇರುತ್ತದೆ.

ಮೊನ್ನೆ ಶನಿವಾರ ತಾರಸಿಯಲ್ಲಿ ಕೇಳಿದ, ‘ಅಮ್ಮಾ, ಆ ಚೊಂಬು ಎಲ್ಲಿದೆ?’

‘ಬಚ್ಚಲಲ್ಲಿ. ಯಾಕೋ?’

‘ನಾಳೆ ಭಾನುವಾರ. ಇವತ್ತು ರಾತ್ರಿಯೇ ಅದನ್ನ ಬಚ್ಚಿಡ್ತೀನಿ.’