ಹಾಲು, ಹಾಳು

ರಾತ್ರಿ ಹನ್ನೊಂದು ದಾಟಿದೆ. ಅಮ್ಮ ತೀರಿಕೊಂಡು ವರ್ಷವಾಗುತ್ತಿದೆ. ವರ್ಷ ತುಂಬುವ ದಿನ ಮನೆಗೆ ಬರುವವರಿಗೆ ಹಂಚಲು ಬರೆದ ಕಿರುಹೊತ್ತಗೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಆರು ಸಲ ಓದಿ ತಿದ್ದಿದ್ದೇನೆ. ಬನ್ನಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಇಯರ್‌ಫೋನಿನ ಒಂದು ತುದಿ ನಿಮ್ಮ ಕಿವಿಗೆ.

ಎಡ್ಜ್ ಬ್ರೌಸರಿನಲ್ಲಿ ಬರಹ ತೆರೆದು, ಅದನ್ನು ಗಟ್ಟಿಯಾಗಿ ಓದಿಸಲು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತುತ್ತೇನೆ. ಸಪ್ನಾ ಎಂಬ ಕನ್ನಡದ ದನಿಯನ್ನು ಆರಿಸಿ ವೇಗ ತಗ್ಗಿಸುತ್ತೇನೆ. ಓದುತ್ತಿರುವ ಪದ ಪರದೆಯ ಮೇಲೆ ಬಣ್ಣ ತಳೆದು ಮುಂದೆ ಮುಂದೆ ಸರಿಯುತ್ತದೆ.

‘ನಸುಕಿನಲ್ಲೇ ಎದ್ದು ಹಾಳು ಕಾಯಿಸಿ...’

ನಿಲ್ಲಿಸುತ್ತೇನೆ. ಕೇಳಿಸಿತೇ? ಹಾಳು! ಕೀಲಿಮಣೆಯಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಕೀಲಿ, ನಡುವೆ ಶಿಫ್ಟ್ ಮಾತ್ರ. ಬೆರಳು ಅಲ್ಲಿ ಕ್ಷಣ ಹೆಚ್ಚು ತಂಗಿದೆ. ಆರು ಸಲವೂ ನನ್ನ ಕಣ್ಣು ಅದನ್ನು ಹಾಲೆಂದೇ ಓದಿತ್ತು. ಬರೆದವರ ಕಣ್ಣಿಗೆ ಕಾಣುವುದು ಮನಸ್ಸಿನಲ್ಲಿದ್ದ ಮಾತು. ಸಪ್ನಾಳಿಗೆ ಅಮ್ಮ ಗೊತ್ತಿಲ್ಲ, ನಮ್ಮ ಹಾಲಿನ ಪಾತ್ರೆ ಗೊತ್ತಿಲ್ಲ, ಬರೆದದ್ದನ್ನಷ್ಟೇ ಓದುತ್ತಾಳೆ. ನನಗೀಗ ಬೇಕಾದದ್ದು ಅಂಥ ಹೊರಗಿನವಳೇ. ಹಿಂದೆ ಅಚ್ಚುಕೂಟಗಳಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರೆ ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ತಿದ್ದುತ್ತಿದ್ದರು. ಈ ಹೊತ್ತಿನಲ್ಲಿ ನಾನು ಯಾರನ್ನು ಎಬ್ಬಿಸಲಿ?

ಮತ್ತೆ ಓದು. ‘ಅವಳ ಅವಳ ಕೈಬಳೆ.’ ಒಂದು ಸಾಲಿನ ಕೊನೆಗೆ, ಇನ್ನೊಂದು ಮುಂದಿನ ಸಾಲಿನ ಮೊದಲಿಗೆ ಅಡಗಿದ್ದ ಜೋಡಿ. ಒಂದನ್ನು ಅಳಿಸುತ್ತೇನೆ. ಆಮೇಲೆ ಬಾವಿಕಟ್ಟೆಯ ಕಥೆ. ವಾಕ್ಯ ಹೊರಟಿತು, ಅಲ್ಪವಿರಾಮದಲ್ಲಿ ಉಸಿರೆಳೆಯಿತು, ಮತ್ತೆ ಹೊರಟಿತು. ಕೊನೆಗೂ ಕ್ರಿಯಾಪದ ಬರುವ ಹೊತ್ತಿಗೆ ನೀರು ಸೇದುತ್ತಿದ್ದವರು ಯಾರೆಂಬುದೇ ನಮ್ಮಿಬ್ಬರಿಗೂ ಮರೆತುಹೋಗಿದೆ. ಎರಡು ವಾಕ್ಯ ಮಾಡುತ್ತೇನೆ. ಈಗ ಸೇದುತ್ತಿರುವವಳು ಅಮ್ಮ.

ಹಳೆಯ ಪುಸ್ತಕವೊಂದರಿಂದ ಸ್ಕ್ಯಾನ್ ಮಾಡಿ ತಂದ ಭಾಗದಲ್ಲಿ, ‘ಅಂಗಳ’ ಎನ್ನುವಲ್ಲಿ ದನಿ ಮುಗ್ಗರಿಸುತ್ತದೆ. ಅಕ್ಷರ ಸರಿಯಾಗಿಯೇ ಇದೆಯಲ್ಲ! ಇಲ್ಲ, ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ‘೦’ ಕೂತಿದೆ. ಕಣ್ಣಿಗೆ ಎರಡೂ ಒಂದೇ ಗುಂಡಗೆ.

ಕಿವಿಗೂ ಮೋಸವಾಗುವ ಜಾಗಗಳಿವೆ. ‘ವಿಷೇಶ’ ಎಂದು ತಪ್ಪಾಗಿ ಬರೆದಿದ್ದರೂ ಕೇಳುವಾಗ ಸರಿಯಾಗಿಯೇ ಕೇಳಿಸುತ್ತದೆ. ಶ, ಷಗಳ ಅಂತರ ನಮ್ಮ ದಿನದ ಮಾತಿನಲ್ಲಿ ಬಹುಪಾಲು ಸವೆದುಹೋಗಿದೆ. ಅದಕ್ಕಾಗಿ ನಾಳೆ ಪ್ರೆಸ್ಸಿಗೆ ಕಳಿಸುವ ಮೊದಲು ಬೆಳಕಿನಲ್ಲಿ, ಕಾಗದದ ಮೇಲೆ, ಪೆನ್ಸಿಲ್ ಹಿಡಿದು ಇನ್ನೊಂದು ಓದು.

ಇಯರ್‌ಫೋನ್ ಈಗಲೇ ತೆಗೆಯಬೇಡಿ. ಮೊದಲ ಪುಟಕ್ಕೆ ಹಿಂತಿರುಗುತ್ತೇನೆ. ‘ನಸುಕಿನಲ್ಲೇ ಎದ್ದು ಹಾಲು ಕಾಯಿಸಿ, ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದಳು.’ ಈ ಸಲ ತಡೆಯದೆ ಓದಲು ಬಿಡುತ್ತೇನೆ.