ಕಿಕ್ಕೇರಿಯ ಒತ್ತು

ನಮ್ಮ ದೊಡ್ಡಪ್ಪ ಹೊಸಹೊಳಲಿನಲ್ಲಿದ್ದಾರೆ. ಮೂವತ್ತೈದು ವರ್ಷ ಸುತ್ತಮುತ್ತಲಿನ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಅವರ ಕೈಯಲ್ಲಿ ಓದಿದವರು ಈಗಲೂ ಅವರೆದುರಿಗೆ ಒಂದು ಚೀಟಿ ಬರೆಯಬೇಕಾದರೆ ಅನುಮಾನಿಸುತ್ತಾರೆ. ಅಲ್ಪಪ್ರಾಣವಿರಬೇಕಾದ ಕಡೆ ಮಹಾಪ್ರಾಣ ಬಿದ್ದುಬಿಟ್ಟೀತು ಎಂಬ ಹಳೆಯ ಭಯ. ಅಂಥವರು 2023ರಲ್ಲಿ ಒಂದು ಸಂಜೆ ನನಗೆ ಫೋನ್ ಮಾಡಿ, "ಯಾಕೋ ನನಗೆ ಕಾಗುಣಿತ ಮರೆತುಹೋಗ್ತಾ ಇದೆ ಕಣಪ್ಪ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಕಿಕ್ಕೇರಿ ಅಂತ ಹೊಡೀತೀನಿ, ಕಿಕೇರಿ ಅಂತ ಬರ್ತದೆ. ತೊಣ್ಣೂರು ಹೋಗಿ ತೊಣೂರಾಯ್ತು. ನಮ್ಮ ತಾಲ್ಲೂಕಿನ ಹಳ್ಳಿಗಳೆಲ್ಲ ಹಳಿಗಳಾಗಿ ಕೂತಿವೆ. ರೈಲು ಬಿಡಬೌದು."

ದೊಡ್ಡಪ್ಪನವರದು ಹಳೆಯದೊಂದು ಹುಚ್ಚು: ಊರ ಹೆಸರುಗಳನ್ನು ಕೂಡಿಹಾಕುವುದು. ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕುಗಳ ಊರು ಊರಿನ ಹೆಸರನ್ನೂ ಬರೆದು, ಅದಕ್ಕೆ ಜನ ಹೇಳುವ ಕಥೆಯನ್ನೂ, ಅದರ ಪಕ್ಕದಲ್ಲಿ ತಮಗೆ ಸರಿಯೆಂದು ತೋರಿದ ಅರ್ಥವನ್ನೂ ನೋಟ್‌ಬುಕ್ಕುಗಳಲ್ಲಿ ತುಂಬಿಟ್ಟಿದ್ದಾರೆ. ಹೊಳಲು ಎಂದರೆ ಹಳಗನ್ನಡದ ಪೊೞಲ್, ಪಟ್ಟಣ. ಆದುದರಿಂದ ನಮ್ಮೂರು ಹೊಸ ಪಟ್ಟಣ. ಎಂಟುನೂರು ವರ್ಷದ ಹತ್ತಿರ ಬಂದ ಊರನ್ನು ಇನ್ನೂ ಹೊಸದೆಂದು ಕರೆಯುತ್ತಿದ್ದೇವಲ್ಲ ಎಂದು ಅವರಿಗೊಂದು ತಮಾಷೆ. ನೋಟ್‌ಬುಕ್ಕುಗಳನ್ನು ಗೆದ್ದಲು ಮುಟ್ಟತೊಡಗಿದಾಗ ನಾನೇ ಒಂದು ಲ್ಯಾಪ್‌ಟಾಪ್ ಕೊಂಡುಹೋಗಿ ಕೊಟ್ಟು, ಪಟ್ಟಿ ಮಾಡುವ ಒಂದು ಪುಟ್ಟ ತಂತ್ರಾಂಶ ಹಾಕಿ, ಕೆ. ಪಿ. ರಾವ್ ಅವರ ಕೀಲಿಮಣೆಯ ಕ್ರಮವನ್ನು ತೋರಿಸಿಕೊಟ್ಟು ಬಂದಿದ್ದೆ. ಒಂದು ವಾರದಲ್ಲಿ ಅವರ ಬೆರಳು ನನ್ನ ಬೆರಳಿಗಿಂತ ಚುರುಕಾಯಿತು.

ಈಗ ಈ ದೂರು. ನನಗೆ ಆ ದಿನ ಬೇರೆ ಕೆಲಸವಿತ್ತು. "ಕನ್ನಡಕದ ನಂಬರು ಬದಲಾಗಿರಬೇಕು ದೊಡ್ಡಪ್ಪ, ಒಮ್ಮೆ ತೋರಿಸಿಕೊಳ್ಳಿ" ಎಂದು ಹೇಳಿ ಫೋನಿಟ್ಟೆ. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ, ನಾನಂತೂ ಮರೆತಿಲ್ಲ.

ನನ್ನ ವಿಚಾರ ಸ್ವಲ್ಪ ಹೇಳಬೇಕು. ಬೆಂಗಳೂರಿನಲ್ಲಿ ಹೊಟ್ಟೆಪಾಡಿನ ಉದ್ಯೋಗ ಒಂದು; ರಾತ್ರಿ ಊಟವಾದ ಮೇಲೆ ಸಂಬಳವಿಲ್ಲದ ಉದ್ಯೋಗ ಇನ್ನೊಂದು. ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿ, ಬರೆಯುವ ಚೌಕ ಇವೆಲ್ಲ ಕಾಣುತ್ತವಲ್ಲ, ತಂತ್ರಾಂಶ ಬರೆಯುವವರು ಯಾರೂ ಅವುಗಳನ್ನು ಪ್ರತಿಸಲವೂ ಹೊಸದಾಗಿ ಕಡೆಯುವುದಿಲ್ಲ. ಬಡಗಿ ಬಾಗಿಲಿಗೆ ಕೀಲು, ಅಗುಳಿ, ಚಿಲಕವನ್ನು ಅಂಗಡಿಯಿಂದ ತರುವಂತೆ ಸಿದ್ಧ ಸಾಮಾನಿನ ಪೆಟ್ಟಿಗೆಯೊಂದರಿಂದ ತೆಗೆದು ಜೋಡಿಸುತ್ತಾರೆ. ಟೂಲ್‌ಕಿಟ್ ಎಂದು ಅದರ ಹೆಸರು. ಇಂಥ ಪೆಟ್ಟಿಗೆಗಳಲ್ಲಿ ಹಣ ಕೊಟ್ಟು ಕೊಳ್ಳುವವೂ ಉಂಟು, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಪೆಟ್ಟಿಗೆಗಳೂ ಉಂಟು. 1990ರ ದಶಕದ ನಡುವೆ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಚಿತ್ರ ತಿದ್ದುವ ಜಿಂಪ್ ಎಂಬ ತಂತ್ರಾಂಶವನ್ನು ಬರೆದರು. ಅದಕ್ಕೆ ಮೊದಲು ಬಳಸಿದ ಮೋಟಿಫ್ ಎಂಬ ಪೆಟ್ಟಿಗೆ ಮುಕ್ತವಾದದ್ದಲ್ಲ. ಆ ಹಂಗೇಕೆಂದು ತಮ್ಮದೇ ಒಂದನ್ನು ಮಾಡಿಕೊಂಡರು. ಅದೇ ಜಿಟಿಕೆ. 2002ರಲ್ಲಿ ಅದರ ಎರಡನೆಯ ಆವೃತ್ತಿ ಬಂದಾಗ ಲೋಕದ ಲಿಪಿಗಳನ್ನೆಲ್ಲ ಸಾಲುಗೂಡಿಸುವ ಪ್ಯಾಂಗೋ ಎಂಬ ಭಾಗ ಜೊತೆಗೂಡಿತು. ಗ್ರೀಕಿನ 'ಪ್ಯಾನ್' ಎಂದರೆ ಎಲ್ಲ, ಜಪಾನಿಯ 'ಗೋ' ಎಂದರೆ ಭಾಷೆ. 'ಸೂರ್ಯ' ಎಂದು ಹೊಡೆಯುವಾಗ ರಕಾರ ಮೊದಲು ಬಂದರೂ ಅದರ ಅರ್ಕಾವತ್ತು ಯಕಾರವಾದ ಮೇಲೆ ಕೂರಬೇಕೆಂಬ ಜ್ಞಾನ ಕಂಪ್ಯೂಟರಿಗೆ ಹುಟ್ಟಿನಿಂದ ಬಂದದ್ದಲ್ಲ. ಯಾರೋ ಕೂತು ಕಲಿಸಬೇಕಾಯಿತು.

ನಾನು ಕೈಹಾಕಿರುವುದು ಇಂಥದೇ ಇನ್ನೊಂದು ಚಿಕ್ಕ ಪೆಟ್ಟಿಗೆಗೆ. ಮಾನ ಕಾಪಾಡುವ ಸಲುವಾಗಿ ಅದರ ಹೆಸರು ಹೇಳುವುದಿಲ್ಲ. ಯಾರ ಮಾನ ಎಂಬುದು ಮುಂದೆ ತಿಳಿಯುತ್ತದೆ.

ಎರಡು ತಿಂಗಳಾದ ಮೇಲೆ ದೊಡ್ಡಪ್ಪ ತಮ್ಮ ಕಡತವನ್ನು ಯಾರ ಕೈಯಲ್ಲೋ ನನಗೆ ಕಳಿಸಿದರು, ತಿದ್ದಿಕೊಡು ಎಂದು. ನಾನು ಅದನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದೆ. ನೋಡಿದರೆ ಕಿಕ್ಕೇರಿಗೆ ಒತ್ತು ಕಾಣೆಯಾಗಿರಲಿಲ್ಲ. ಮೂರು ಒತ್ತುಗಳು ಒಂದರ ಮೇಲೊಂದು ಬಿದ್ದಿದ್ದವು. ಸಿಂಧಘಟ್ಟಕ್ಕೂ ಹಾಗೆಯೇ, ಗೋವಿಂದನಹಳ್ಳಿಗೂ ಹಾಗೆಯೇ. ನನಗೆ ಆಗ ಅರ್ಥವಾಯಿತು. ಮುದುಕರು ಮೊದಲ ಸಲವೇ ಸರಿಯಾಗಿ ಹೊಡೆದಿದ್ದರು. ಪರದೆಯ ಮೇಲೆ ಒತ್ತು ಕಾಣದೆ, ತಾವೇ ಮರೆತೆವೆಂದು ಮತ್ತೆ ಹೊಡೆದಿದ್ದರು, ಮತ್ತೂ ಹೊಡೆದಿದ್ದರು. ಒಂದು ಊರಲ್ಲ, ನೂರಾರು ಊರು.

ತಪ್ಪು ಹುಡುಕುವವನ ಮೊದಲ ಕೆಲಸ ಅದನ್ನು ತನ್ನ ಕಣ್ಣೆದುರಿಗೆ ಇನ್ನೊಮ್ಮೆ ಮಾಡಿಸಿ ನೋಡುವುದು. ನನ್ನ ಕಂಪ್ಯೂಟರಿನಲ್ಲಿ ಅದೇ ಪಟ್ಟಿಯ ತಂತ್ರಾಂಶ ತೆರೆದು 'ಕೃಷ್ಣರಾಜಪೇಟೆ' ಎಂದು ಬರೆದೆ. ಒಂದು ಒತ್ತೂ ಕೂದಲೆಳೆಯಷ್ಟು ಕೊರೆಯಾಗಲಿಲ್ಲ. ಅದರ ಕೆಳಗೆ ಕಿಕ್ಕೇರಿ, ತೊಣ್ಣೂರು, ಎಲ್ಲವೂ ಸರಿ. ನಮ್ಮವರಲ್ಲಿ ಇಂಥ ವೇಳೆಗೆಂದೇ ಒಂದು ಉತ್ತರವಿದೆ: 'ನನ್ನಲ್ಲಿ ಸರಿಯಾಗಿದೆ.' ಎಷ್ಟೋ ಜನ ಅಪರಿಚಿತರಿಗೆ ಆ ಉತ್ತರ ಕೊಟ್ಟು ಕೈತೊಳೆದುಕೊಂಡಿದ್ದೇನೆ. ದೊಡ್ಡಪ್ಪನವರಿಗೆ ಕೊಡಲಾಗಲಿಲ್ಲ. ನಾಗಮಂಗಲದ ಮೇಲೆ ಹೋಗುವ ಬಸ್ಸು ಹಿಡಿದೆ.

ಊರು ಸೇರಿದಾಗ ದೊಡ್ಡಪ್ಪ ಜಗುಲಿಯ ಮೇಲೆ ಕುಳಿತಿದ್ದರು. ಮೂಗಿನ ಮೇಲೆ ಹೊಸ ಕನ್ನಡಕ. "ನೀನು ಹೇಳಿದೆ ಅಂತ ಮೈಸೂರಿಗೆ ಹೋಗಿ ಮಾಡಿಸಿಕೊಂಡು ಬಂದೆ. ಆದರೂ ಒತ್ತು ಕಾಣಿಸ್ತಿಲ್ಲ ಮಗ" ಎಂದರು. ದೊಡ್ಡಮ್ಮ ಕಾಫಿ ಲೋಟ ಇಡುತ್ತಾ, "ಅವರು ಈಚೆಗೆ ಯಾರಿಗೂ ಕಾಗದ ಬರೀತಿಲ್ಲ. ತಪ್ಪಾದೀತು ಅಂತಾರೆ" ಎಂದು ಮೆಲ್ಲಗೆ ಹೇಳಿದರು. ಕಾಫಿ ಚೆನ್ನಾಗಿತ್ತು, ಕುಡಿಯುವುದು ಕಷ್ಟವಾಯಿತು.

ಪರದೆ ನೋಡಿದೆ. ದೂರು ಅಕ್ಷರಶಃ ನಿಜ. ಪ್ರತಿ ಸಾಲಿನ ಕೆಳಭಾಗವನ್ನೂ ಕತ್ತರಿಯಿಂದ ಕತ್ತರಿಸಿದಂತಿತ್ತು. ಕೃಷ್ಣರಾಜಪೇಟೆ ಕಷರಾಜಪೇಟೆಯಾಗಿತ್ತು, ಶ್ರೀರಂಗಪಟ್ಟಣ ಶೀರಂಗಪಟಣ. ಒತ್ತಿಲ್ಲದ ಪಾಂಡವಪುರ, ನಾಗಮಂಗಲ, ಹೊಸಹೊಳಲು ಮಾತ್ರ ಗಾಯವಿಲ್ಲದೆ ಉಳಿದಿದ್ದವು. ನನ್ನಲ್ಲಿದ್ದದ್ದೂ ಇದೇ ತಂತ್ರಾಂಶ, ಇದೇ ಆವೃತ್ತಿ, ಅಕ್ಷರದ ಅಚ್ಚೂ ಇದೇ. ಮಧ್ಯಾಹ್ನವೆಲ್ಲ ತಿಣುಕಿದೆ. ಏನೂ ಹೊಳೆಯಲಿಲ್ಲ.

ಸಂಜೆ ತಲೆ ತಣ್ಣಗಾಗಲೆಂದು ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಹೋದೆ. ಹೊಯ್ಸಳರ ಕಾಲದ, ಹದಿಮೂರನೆಯ ಶತಮಾನದ ತ್ರಿಕೂಟ. ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು: ಆನೆ, ಅದರ ಮೇಲೆ ಕುದುರೆ, ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಹುಡುಗನಾಗಿದ್ದಾಗ ಈ ಆನೆಗಳನ್ನು ಎಣಿಸಲು ಹೊರಟು ಎಷ್ಟು ಸಲ ಲೆಕ್ಕ ತಪ್ಪಿದ್ದೇನೋ. ಈ ಸಲ ಕಣ್ಣು ಬೇರೆ ಕಡೆ ಹೋಯಿತು. ಯಾವ ಕುದುರೆಯ ಕಾಲನ್ನೂ ಕೆಳಗಿನ ಆನೆಯ ಸಾಲು ನುಂಗಿರಲಿಲ್ಲ. ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದಾಗ ದೊಡ್ಡಪ್ಪ, "ಒಂದು ಊರು ಬಿಟ್ಟುಹೋಗಿದೆ, ಸೇರಿಸಿಬಿಡು. ಅಕ್ಕಿಹೆಬ್ಬಾಳು" ಎಂದರು. ಸೇರಿಸಿ, ಕಡತ ಮುಚ್ಚಿ, ಮತ್ತೆ ತೆರೆದೆ. ಒತ್ತುಗಳೆಲ್ಲ ತಿರುಗಿ ಬಂದಿದ್ದವು! ಕಿಕ್ಕೇರಿ ಕಿಕ್ಕೇರಿಯಾಗಿತ್ತು, ಅದರ ಕಾಲಿಗೆ ಹೆಚ್ಚಾಗಿ ಅಂಟಿದ್ದ ಒತ್ತುಗಳೂ ಮೊದಲ ಬಾರಿಗೆ ದೊಡ್ಡಪ್ಪನವರ ಕಣ್ಣಿಗೆ ಬಿದ್ದವು. "ಅಕ್ಕಿಹೆಬ್ಬಾಳಿನ ನರಸಿಂಹಸ್ವಾಮಿ ದೊಡ್ಡವನು" ಎಂದು ದೊಡ್ಡಮ್ಮ ಕೈಮುಗಿದರು.

ನಾನು ಅಕ್ಕಿಹೆಬ್ಬಾಳನ್ನು ಅಳಿಸಿ ತೆರೆದೆ: ಒತ್ತು ಮಾಯ. ಸೇರಿಸಿ ತೆರೆದೆ: ಹಾಜರು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಬೆನ್ನಿನಲ್ಲಿ ಬೆವರು ಇಳಿಯಿತು. ಪಟ್ಟಿ ಅಕಾರಾದಿಯಾಗಿ ಇತ್ತು. ಅಕ್ಕಿಹೆಬ್ಬಾಳು ಇಲ್ಲದಿದ್ದಾಗ ಮೊದಲ ಸಾಲು ಅಘಲಯ, ಒಂದೂ ಒತ್ತಿಲ್ಲದ ಹೆಸರು. ಅಕ್ಕಿಹೆಬ್ಬಾಳು ಬಂದರೆ ಅದೇ ಮೊದಲು, ಅದಕ್ಕೆ ಎರಡು ಒತ್ತು. ನನ್ನ ಮನೆಯಲ್ಲಿ ನಾನು ಮೊದಲು ಬರೆದದ್ದು ಕೃಷ್ಣರಾಜಪೇಟೆ. ಅಂದರೆ ಈ ತಂತ್ರಾಂಶ ಮೊದಲ ಸಾಲನ್ನು ಮಾತ್ರ ಅಳೆದು, ಉಳಿದ ಸಾಲುಗಳಿಗೆಲ್ಲ ಅದೇ ಎತ್ತರವನ್ನು ಹಂಚುತ್ತಿದೆ.

ಹಾಗೆ ಹಂಚುವಂತೆ ಬರೆದವನು ನಾನೇ.

ಮೂರು ವರ್ಷದ ಹಿಂದೆ, ಸಾವಿರಾರು ಸಾಲಿನ ಪಟ್ಟಿ ತೆರೆಯುವುದು ನಿಧಾನವೆಂದು ಯಾರೋ ಗೊಣಗಿದಾಗ, ಎಲ್ಲವನ್ನೂ ಏಕೆ ಅಳೆಯಬೇಕು, ಮೊದಲನೆಯದನ್ನು ಅಳೆದರೆ ಸಾಲದೆ ಎಂದು ಒಂದು ರಾತ್ರಿಯಲ್ಲಿ ತಿದ್ದಿ ಕಳಿಸಿದ್ದೆ. ಒಂದು ಸಾಲನ್ನು ಎರಡು ಬಗೆಯಲ್ಲಿ ಅಳೆಯಬಹುದು. ಮಸಿ ಎಲ್ಲಿಂದ ಎಲ್ಲಿಯವರೆಗೆ ತಗುಲಿದೆ ಎಂದು ನೋಡುವುದು ಒಂದು. ಆ ಅಚ್ಚಿಗೆ ಮೇಲೆಷ್ಟು, ಕೆಳಗೆಷ್ಟು ಜಾಗ ಸಲ್ಲಬೇಕೆಂದು ಅಚ್ಚನ್ನೇ ಕೇಳುವುದು ಇನ್ನೊಂದು. ಅಂದವಾಗಿ, ಒತ್ತಾಗಿ ಕೂರಲೆಂದು ನಾನು ಮಸಿಯನ್ನು ಅಳೆದೆ. ಇಂಗ್ಲಿಷಿನ ಜಿ, ವೈ ಅಕ್ಷರಗಳ ಬಾಲಕ್ಕೆಂದು ಕೆಳಗೆ ನಾಲ್ಕು ಚುಕ್ಕೆ ಜಾಗ ಬಿಟ್ಟೆ. ಅದನ್ನು ಬರೆಯುವಾಗ ನನ್ನ ಪರದೆಯ ಮೇಲಿದ್ದ ಪಟ್ಟಿ ಇಂಗ್ಲಿಷಿನದು. ಕನ್ನಡ ಮೇಷ್ಟರ ಮನೆಯ ಹುಡುಗನಿಗೆ ಒತ್ತಕ್ಷರದ ನೆನಪೇ ಬರಲಿಲ್ಲ. ಪಟ್ಟಿ ಚುರುಕಾಯಿತೆಂದು ನಾಲ್ಕು ದೇಶದವರು ಬೆನ್ನು ತಟ್ಟಿದರು, ತಟ್ಟಿಸಿಕೊಂಡೆ.

ತಿದ್ದುವ ಕಥೆ ಇಷ್ಟೇನೂ ಸ್ವಾರಸ್ಯವಲ್ಲ. ಮೊದಲು ನಾಲ್ಕು ಚುಕ್ಕೆಯನ್ನು ಹತ್ತು ಮಾಡಿ ಕಳಿಸಿದೆ. ಪರಿಶೀಲಿಸುವವರು ಯೂರೋಪಿನ ಒಬ್ಬರು. ನಾನು ಕಳಿಸಿದ ಚಿತ್ರದಲ್ಲಿ ತಪ್ಪು ಯಾವುದೆಂದೇ ಅವರಿಗೆ ತಿಳಿಯಲಿಲ್ಲ. 'ಕಿಕೇರಿ' ಅವರ ಕಣ್ಣಿಗೆ ಯಾವ ಊನವೂ ಇಲ್ಲದ ಸುಂದರ ಲಿಪಿ. ಜಿ, ವೈಗಳ ಬಾಲ ಕತ್ತರಿಸಿದ ಇನ್ನೊಂದು ಚಿತ್ರ ಮಾಡಿ ಕಳಿಸಿದ ಮೇಲೆ, ಒಪ್ಪಿಕೊಂಡು, "ಹತ್ತು ಏಕೆ? ಅಕ್ಷರ ದೊಡ್ಡದು ಮಾಡಿಕೊಂಡವರ ಗತಿ?" ಎಂದು ಕೇಳಿದರು. ಅಕ್ಷರ ದೊಡ್ಡದು ಮಾಡಿಕೊಂಡವರು ಹೊಸಹೊಳಲಿನಲ್ಲೇ ಇದ್ದರು. ಆ ಪ್ರಶ್ನೆ ನ್ಯಾಯವಾದದ್ದು. ಕೊನೆಗೆ ಮಸಿಯ ಅಳತೆಯನ್ನು ಕಿತ್ತುಹಾಕಿ, ಅಚ್ಚನ್ನೇ ಕೇಳುವ ಅಳತೆ ಇಟ್ಟು, ಕಣ್ಣಿಗೆ ಕಾಣುತ್ತಿರುವ ಸಾಲುಗಳನ್ನೆಲ್ಲ ಬೇರೆ ಬೇರೆಯಾಗಿ ಅಳೆಯುವಂತೆ ಬರೆದೆ. ತಪ್ಪು ಮರುಕಳಿಸಿದರೆ ತಾನೇ ಕೂಗಿಕೊಳ್ಳುವಂತೆ ಒಂದು ಪರೀಕ್ಷೆಯನ್ನೂ ಜೊತೆಗಿಟ್ಟೆ. ಅಘಲಯದ ಕೆಳಗೆ ಕಿಕ್ಕೇರಿ, ಒತ್ತು ಉಳಿಯಬೇಕು. ಆ ಎರಡು ಊರುಗಳು ಈಗ ಆ ಪೆಟ್ಟಿಗೆಯಲ್ಲಿ ಕಾಯಂ ನಿವಾಸಿಗಳು.

ಈ ನಡುವೆ ಇನ್ನೊಂದು ತಕರಾರು: ಹುಡುಕುವ ಚೌಕದಲ್ಲಿ 'ಹೊಸಹೊಳಲು' ಎಂದು ಬರೆದರೆ, ಕಣ್ಣೆದುರಿಗಿರುವ ಹೊಸಹೊಳಲೇ ಸಿಗುತ್ತಿರಲಿಲ್ಲ. ಯೂನಿಕೋಡಿನಲ್ಲಿ 'ಹೊ' ಎಂಬುದರ ಒತ್ವವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವಕ್ಕೆ ಊಕಾರದ ಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ಒಂದು ರೀತಿಯಲ್ಲಿ ನಮ್ಮೂರಿಗೆ ಎಂಟು ಗುರುತು, ಇನ್ನೊಂದು ರೀತಿಯಲ್ಲಿ ಹತ್ತು. ಹಳೆಯ ಕಡತದಿಂದ ಪರಿವರ್ತನೆಯಾಗಿ ಬಂದದ್ದು ಹತ್ತರದು, ದೊಡ್ಡಪ್ಪ ಹೊಡೆದದ್ದು ಎಂಟರದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅರ್ಧ ದಿನದ ಕೆಲಸ, ಆಯಿತು. ಯೂನಿಕೋಡಿನಲ್ಲಿ ೞಕಾರಕ್ಕೆ ತಪ್ಪಾಗಿ 'ಕನ್ನಡ ಲೆಟರ್ ಎಫ್‌ಎ' ಎಂಬ ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸುವ ಹಾಗಿಲ್ಲವಾದ್ದರಿಂದ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಸೇರಿಸಿದ್ದಾರೆ ಎಂದು ಹೇಳಿದಾಗ ದೊಡ್ಡಪ್ಪ ಬಹಳ ಹೊತ್ತು ನಕ್ಕರು. ಅವರು ನಕ್ಕದ್ದು ಎಷ್ಟೋ ತಿಂಗಳ ಮೇಲೆ.

2024ರಲ್ಲಿ ಹೊಸ ಆವೃತ್ತಿ ಅವರ ಲ್ಯಾಪ್‌ಟಾಪಿಗೆ ಬಂತು. ಅಂದು ನಾನೂ ಊರಿನಲ್ಲಿದ್ದೆ. ಅಕ್ಕಿಹೆಬ್ಬಾಳನ್ನು ಬೇಕೆಂದೇ ಅಳಿಸಿ ತೋರಿಸಿದೆ. ಒತ್ತುಗಳು ಕದಲಲಿಲ್ಲ. ದೊಡ್ಡಪ್ಪ ಹೊಸ ಕನ್ನಡಕ ತೆಗೆದು, ಹಳೆಯದನ್ನು ಹಾಕಿಕೊಂಡು ನೋಡಿದರು. ಅದರಲ್ಲೂ ಕಂಡವು.

"ಹಾಗಾದರೆ ನನ್ನ ಕಣ್ಣೂ ಸರಿಯಿತ್ತು, ಕಾಗುಣಿತವೂ ಸರಿಯಿತ್ತು."

"ಹೌದು ದೊಡ್ಡಪ್ಪ."

"ಯಾರೋ ಅವನು, ಹಾಗೆ ಬರೆದಿದ್ದವನು?"

ಹೇಳದೆ ಇರಬಹುದಿತ್ತು. "ನಾನೇ" ಎಂದೆ.

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವ ಮೊದಲು ನೋಡುತ್ತಿದ್ದ ನೋಟ. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

"ಸ್ತ್ರೀ ಅಂತ ಹೊಡೆದು ಅಳಿಸಬೇಕಾದರೆ ಆರು ಸಲ ಒತ್ತಬೇಕು. ಅದೂ ನೀನೇ ಏನೋ?"