ನಿದ್ರೆಯ ಖರ್ಚು

ನಮ್ಮ ಡೊಂಬಿವಲಿಯ ಕಟ್ಟಡದಲ್ಲಿ ನಸುಕಿಗೆ ಪಂಪು ಹಾಕುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂದಿದೆ. ತಾರಸಿಯ ಟಾಂಕಿ ತುಂಬಿದೊಡನೆ ಕೂಗಲೆಂದು ಇಂಜಿನಿಯರಿಂಗ್ ಓದುವ ಮೊಮ್ಮಗ ಆರ್ಡುಯಿನೊ ಬೋರ್ಡಿನಿಂದ ಒಂದು ಯಂತ್ರ ಮಾಡಿಕೊಟ್ಟ. ಅದಕ್ಕೆ ಆರು ಪೆನ್ಸಿಲ್ ಸೆಲ್ಲು. ಕೆಲಸವಿಲ್ಲದಾಗ ಚಿಪ್ಪು ಮಲಗುವಂತೆ ಪ್ರೋಗ್ರಾಮನ್ನೂ ಬರೆದಿದ್ದ. ಬೋರ್ಡಿನ ಪುಟ್ಟ ದೀಪವನ್ನು ಕಿತ್ತುಬಿಡುತ್ತೇನೆಂದಾಗ ನಾನೇ ತಡೆದೆ. "ಅದು ಬದುಕಿದೆಯೆಂದು ನನಗೆ ಗೊತ್ತಾಗುವುದು ಬೇಡವೇನೋ?"

ಮೂರನೆಯ ಮುಂಜಾನೆ ಯಂತ್ರ ಕೂಗಲಿಲ್ಲ. ಟಾಂಕಿ ಉಕ್ಕಿ ನೀರು ಮೆಟ್ಟಿಲಿಳಿಯಿತು. ಕೆಳಗಿನ ಟಾಂಕಿ ಬರಿದಾಯಿತು. ನಾಲ್ಕು ಜನರೆದುರು ಹುಡುಗನನ್ನು ಗದರಿಸಿದೆ. ಅವನು ಮರುಮಾತಾಡಲಿಲ್ಲ.

ಸಂಜೆ ಹೊಸ ಸೆಲ್ಲು ಹಾಕಿ, ಮೀಟರು ಹಚ್ಚಿ ತೋರಿಸಿದ. "ಅಜ್ಜ, ಮಲಗಿದ ಚಿಪ್ಪಿಗೆ ಒಂದು ಮೈಕ್ರೊಆಂಪಿಯರೂ ಬೇಡ. ಆದರೆ ಈ ದೀಪ, ವೋಲ್ಟೇಜು ಇಳಿಸುವ ರೆಗ್ಯುಲೇಟರು, ಯುಎಸ್‌ಬಿಯ ಚಿಪ್ಪು, ಇವು ಮಲಗುವುದೇ ಇಲ್ಲ." ಎಲ್ಲ ಸೇರಿ 30 ಮಿಲಿಆಂಪಿಯರು! 2000 ಮಿಲಿಆಂಪಿಯರ್-ಗಂಟೆಯ ಸೆಲ್ಲು ಮೂರು ದಿನಕ್ಕೂ ಸಾಲದು. ರೆಗ್ಯುಲೇಟರಿನ ಮಾತು ಅವನಿಗೂ ಆಗಲೇ ಹೊಳೆದದ್ದು. ದೀಪದ ಮಾತು ಮಾತ್ರ ಮೊದಲೇ ಹೇಳಿದ್ದ.

ಭಾನುವಾರ ಬಿಟ್ಟು ಮರುದಿನ ಲೋಕಲ್ ಹಿಡಿದು ಇಬ್ಬರೂ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬಿಡಿ ಚಿಪ್ಪು ತಂದೆವು. ಬೋರ್ಡಿಲ್ಲದೆ ಅದೊಂದನ್ನೇ ಬೆಸೆದು, ಮೂರು ಸೆಲ್ಲಿಗೆ ನೇರ ಜೋಡಿಸಿದ. ದೀಪವಿಲ್ಲ, ಗುಂಡಿ ಒತ್ತಿದರೆ ಒಮ್ಮೆ ಕೂಗುತ್ತದೆ, ಅಷ್ಟೆ. ಈಗ ಮೀಟರಿನಲ್ಲಿ 5 ಮೈಕ್ರೊಆಂಪಿಯರು. ಲೆಕ್ಕಕ್ಕೆ ಸುಮಾರು 45 ವರ್ಷ ಬರಬೇಕು. ಅದಕ್ಕೆ ಎಷ್ಟೋ ಮೊದಲೇ ಸೆಲ್ಲು ತಾನಾಗಿ ಬತ್ತುತ್ತದೆ.

ಎಂಟು ತಿಂಗಳಾಯಿತು, ಸೆಲ್ಲು ಬದಲಿಸಿಲ್ಲ. ದುಡಿಮೆಗಿಂತ ಕಾಯುವುದರಲ್ಲೇ ಖರ್ಚು ಹೆಚ್ಚೆಂದು ಈ ವಯಸ್ಸಿನಲ್ಲಿ ಕಲಿತೆ. ಅಂದು ಗದರಿಸಿದಾಗ ಇದ್ದ ಆ ನಾಲ್ವರನ್ನೇ ಕರೆದು, ತಪ್ಪು ನನ್ನದೂ ಇತ್ತೆಂದು ಹೇಳಿದೆ. ಹುಡುಗ ಆಗಲೂ ಮಾತಾಡಲಿಲ್ಲ, ನಕ್ಕ.